ಸಿಸ್ಟರ್ ಕೈಗೆ ಕಂಪ್ಯೂಟರ್: ಹೊಸದಾಗಿ ನರ್ಸಿಂಗ್ ಸೇರಿದವರು ಏನು ಕಲಿಯಬೇಕು?

ಭಾನುವಳ್ಳಿಯಲ್ಲಿ ನಮ್ಮ ಹಿಂದಿನ ಬೀದಿಯ ರೈತರೊಬ್ಬರು ಮೊನ್ನೆ ಸಂಜೆ ಮಗಳ ಕಾಲೇಜಿನ ಪಾಠದ ಪಟ್ಟಿ ಹಿಡಿದುಕೊಂಡು ನಮ್ಮ ಜಗುಲಿಗೆ ಬಂದರು. ಹುಡುಗಿ ದಾವಣಗೆರೆಯಲ್ಲಿ ಬಿ.ಎಸ್ಸಿ. ನರ್ಸಿಂಗ್ ಸೇರಿದ್ದಾಳೆ. "ಅಲ್ರೀ ಅಕ್ಕಾರೆ, ರೋಗಿಗಳ ಸೇವೆ ಮಾಡೋ ಓದು ಅಂತ ಸೇರಿಸೀವಿ. ಇದ್ರಾಗ ಕಂಪ್ಯೂಟರ್ ಪಾಠ ಬೇರೆ ಐತಿ. ಸೂಜಿ ಹಾಕೋದಕ್ಕೂ ಇದಕ್ಕೂ ಏನ್ ಸಂಬಂಧ?" ಎಂದು ಕೇಳಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಮನಸ್ಸಿನಲ್ಲಿದ್ದ ಇನ್ನೊಂದು ಮಾತನ್ನೂ ಹೇಳಿದರು. "ನಮ್ಮನ್ಯಾಗ ಕಂಪ್ಯೂಟರ್ ಇಲ್ಲ. ಕನ್ನಡ ಮೀಡಿಯಂ ಹುಡುಗಿ. ಹಿಂದ ಬೀಳ್ತಾಳೇನೋ ಅಂತ ಭಯ."

ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ವಾರ್ಡಿನಲ್ಲಿ ಕೆಲಸ ಮಾಡಿದವಳು ನಾನು. ಅವರ ಎರಡು ಪ್ರಶ್ನೆಗಳೂ ಹರಿಹರ, ಮಲೇಬೆನ್ನೂರು ಕಡೆಯ ಎಷ್ಟೋ ಮನೆಗಳ ಪ್ರಶ್ನೆ ಎಂದು ನನಗೆ ಗೊತ್ತು. ಅವರಿಗೆ ಹೇಳಿದ್ದನ್ನೇ ಇಲ್ಲಿ ಇನ್ನಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಆ ಪಾಠ ಯಾವುದು ನೋಡೋಣ. ದೇಶದ ನರ್ಸಿಂಗ್ ಶಿಕ್ಷಣದ ಮಟ್ಟವನ್ನು ನಿಗದಿ ಮಾಡುವುದು ಭಾರತೀಯ ನರ್ಸಿಂಗ್ ಕೌನ್ಸಿಲ್. ಅದು 2021ರಲ್ಲಿ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮವನ್ನು ಬದಲಾಯಿಸಿತು. ನಾಲ್ಕು ವರ್ಷದ ಓದು ಎಂಟು ಸೆಮಿಸ್ಟರ್ ಆಯಿತು. ಎರಡನೇ ಸೆಮಿಸ್ಟರಿನಲ್ಲಿ 'ಹೆಲ್ತ್/ನರ್ಸಿಂಗ್ ಇನ್ಫರ್ಮ್ಯಾಟಿಕ್ಸ್ ಅಂಡ್ ಟೆಕ್ನಾಲಜಿ' ಎಂಬ ವಿಷಯ ಬಂತು. ಇದಕ್ಕೆ ತರಗತಿಯ ಪಾಠ 40 ಗಂಟೆ, ಲ್ಯಾಬಿನಲ್ಲಿ ಕೈಯಾರೆ ಮಾಡುವ ಅಭ್ಯಾಸ 40 ಗಂಟೆ. ಹೆಸರು ಉದ್ದ, ಅರ್ಥ ಸರಳ. ರೋಗಿಯ ಬಗ್ಗೆ ತಿಳಿದದ್ದನ್ನು ಸರಿಯಾಗಿ ದಾಖಲಿಸುವುದು, ಬೇಕಾದಾಗ ಹುಡುಕಿ ತೆಗೆಯುವುದು, ತಿಳಿಯಬೇಕಾದವರಿಗೆ ಹೊತ್ತಿಗೆ ಸರಿಯಾಗಿ ತಲುಪಿಸುವುದು, ತಿಳಿಯಬಾರದವರಿಂದ ಕಾಪಾಡುವುದು. ಕಂಪ್ಯೂಟರ್ ಈ ಕೆಲಸಕ್ಕೆ ಒಂದು ಸಾಧನ.

ಹಾಗೆ ನೋಡಿದರೆ ನರ್ಸಿಂಗಿಗೆ ಇದು ಹೊಸದೂ ಅಲ್ಲ. ಫ್ಲಾರೆನ್ಸ್ ನೈಟಿಂಗೇಲ್ ಎಂದರೆ ನಮಗೆ ಕೈಯಲ್ಲಿ ದೀಪ ಹಿಡಿದ ಚಿತ್ರ ನೆನಪಾಗುತ್ತದೆ. ಆಕೆ ಲೆಕ್ಕದಲ್ಲೂ ಗಟ್ಟಿಗಿತ್ತಿ. ಕ್ರಿಮಿಯಾ ಯುದ್ಧದಲ್ಲಿ ಸೈನಿಕರು ಗಾಯಕ್ಕಿಂತ ಹೆಚ್ಚಾಗಿ ತಡೆಯಬಹುದಾದ ಕಾಯಿಲೆಗಳಿಂದಲೇ ಸತ್ತರು ಎಂಬುದನ್ನು ತಿಂಗಳು ತಿಂಗಳಿನ ಲೆಕ್ಕ ಇಟ್ಟು, ಬಣ್ಣದ ವೃತ್ತಚಿತ್ರ ಬರೆದು 1858ರಲ್ಲಿ ತೋರಿಸಿದಳು. ಬರೆದಿಟ್ಟ ಲೆಕ್ಕ ಇಲ್ಲದಿದ್ದರೆ ಸರ್ಕಾರವನ್ನು ಒಪ್ಪಿಸಲು ಆಕೆಯ ಕೈಯಲ್ಲಿ ಏನೂ ಇರುತ್ತಿರಲಿಲ್ಲ.

ಹೆಸರಿನಿಂದಲೇ ಆರಂಭ

ಈಗ ಆಸ್ಪತ್ರೆಗೆ ಬರೋಣ. ಓಪಿ ಚೀಟಿ ಮಾಡಿಸುವ ಕಿಟಕಿಯಲ್ಲಿ ರೋಗಿಯ ಹೆಸರು ಕಂಪ್ಯೂಟರಿಗೆ ಹೋಗುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಬಳಸುವ 'ಇ-ಹಾಸ್ಪಿಟಲ್' ಎಂಬ ತಂತ್ರಾಂಶವನ್ನು ರಾಷ್ಟ್ರೀಯ ಮಾಹಿತಿ ಕೇಂದ್ರ, ಅಂದರೆ ಎನ್‌ಐಸಿ ತಯಾರಿಸಿದೆ. ದೊಡ್ಡ ಖಾಸಗಿ ಆಸ್ಪತ್ರೆಗಳಿಗೆ ಅವರವರದೇ ತಂತ್ರಾಂಶ ಇರುತ್ತದೆ. ಯಾವುದೇ ಇರಲಿ, ಮೊದಲ ಕೆಲಸ ಒಂದೇ: ರೋಗಿಗೆ ಒಂದು ನಂಬರ್ ಕೊಡುವುದು. ಇದನ್ನು ಯುಎಚ್‌ಐಡಿ ಎನ್ನುತ್ತಾರೆ, ಅಂದರೆ ಆ ಆಸ್ಪತ್ರೆಯಲ್ಲಿ ಆ ರೋಗಿಗೆ ಮಾತ್ರ ಸೇರಿದ ಗುರುತಿನ ಸಂಖ್ಯೆ. ರಕ್ತದ ವರದಿ, ಎಕ್ಸ್‌ರೇ, ಔಷಧಿ, ಬಿಲ್ಲು ಎಲ್ಲವೂ ಆ ನಂಬರಿಗೇ ಸೇರುತ್ತವೆ.

ನಂಬರ್ ಯಾಕೆ ಬೇಕು, ಹೆಸರು ಸಾಲದೇ? ಸಾಲದು. ನಮ್ಮ ಕಡೆ ಒಂದು ವಾರ್ಡಿನಲ್ಲಿ ಇಬ್ಬರು ಹನುಮಂತಪ್ಪ, ಮೂವರು ಬಸವರಾಜಪ್ಪ ಇರುವುದು ದಿನನಿತ್ಯದ ಮಾತು. ಹನುಮಂತಪ್ಪ ಎಂದು ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬರು 'ಟಿ' ಆದಮೇಲೆ 'ಎಚ್' ಹಾಕುತ್ತಾರೆ, ಇನ್ನೊಬ್ಬರು ಬಿಡುತ್ತಾರೆ. ಒಬ್ಬರು ಎರಡು 'ಪಿ' ಬರೆದರೆ ಇನ್ನೊಬ್ಬರು ಒಂದೇ ಬರೆಯುತ್ತಾರೆ. ಮನುಷ್ಯ ಒಬ್ಬನೇ, ಕಂಪ್ಯೂಟರಿನಲ್ಲಿ ಮೂವರಾಗಿಬಿಡುತ್ತಾನೆ. ಹಳೆಯ ಅಲರ್ಜಿಯ ಮಾಹಿತಿ ಒಂದು ಹೆಸರಿನಲ್ಲಿ ಉಳಿಯುತ್ತದೆ, ಇವತ್ತಿನ ಇಂಜೆಕ್ಷನ್ ಇನ್ನೊಂದು ಹೆಸರಿನಲ್ಲಿ ಬರುತ್ತದೆ.

ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಆಸ್ಪತ್ರೆಯಲ್ಲಿ ಅಕ್ಕಪಕ್ಕದ ಹಾಸಿಗೆಯಲ್ಲಿ ಒಂದೇ ಹೆಸರಿನ ಇಬ್ಬರಿದ್ದರು. ಒಬ್ಬರ ರಕ್ತದ ವರದಿ ಇನ್ನೊಬ್ಬರ ಕೇಸ್ ಶೀಟಿಗೆ ಸೇರಿಹೋಗಿತ್ತು. ರಾತ್ರಿ ಪಾಳಿಯ ಸಿಸ್ಟರ್ ರೋಗಿಯ ತಂದೆಯ ಹೆಸರು ನೋಡಿದ್ದರಿಂದ ತಪ್ಪು ಸಿಕ್ಕಿಬಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವತ್ತಿನಿಂದ ನಾನು ಹೊಸ ಹುಡುಗಿಯರಿಗೆ ಮೊದಲು ಹೇಳಿಕೊಡುವುದು ಒಂದು ಸಣ್ಣ ಅಭ್ಯಾಸ. "ನೀವು ಹನುಮಂತಪ್ಪ ಅಲ್ವಾ?" ಎಂದು ಕೇಳಬೇಡಿ. ಜ್ವರದಲ್ಲಿರುವವರು, ಕಿವಿ ಮಂದ ಇರುವವರು ಎಲ್ಲದಕ್ಕೂ "ಹೂಂ" ಎನ್ನುತ್ತಾರೆ. "ನಿಮ್ಮ ಹೆಸರು ಹೇಳ್ರಿ, ಯಾವ ಊರು ಹೇಳ್ರಿ" ಎಂದು ಕೇಳಿ. ಅವರ ಬಾಯಿಂದ ಬಂದದ್ದನ್ನು ಕೈಪಟ್ಟಿಯ ನಂಬರಿನ ಜೊತೆ, ಆಮೇಲೆ ಸ್ಕ್ರೀನಿನ ಜೊತೆ ತಾಳೆ ನೋಡಿ. ಹೊಸ ನಂಬರ್ ಮಾಡುವ ಮುಂಚೆ ಮೊಬೈಲ್ ಸಂಖ್ಯೆ ಹಾಕಿ ಹಳೆಯದಿದೆಯೇ ಹುಡುಕಿ.

ಇಲ್ಲಿ ಓದುಗರಿಗೆ ಒಂದು ಅನುಮಾನ ಬರಬಹುದು. ಈಗ 'ಆಭಾ' ಕಾರ್ಡ್ ಅಂತ ಇದೆಯಲ್ಲ, ಅದು ಯಾವುದು? ಕೇಂದ್ರ ಸರ್ಕಾರ 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಆರಂಭಿಸಿತು. ಅದರಲ್ಲಿ ಪ್ರತಿಯೊಬ್ಬರೂ 14 ಅಂಕಿಯ ಆಭಾ ಸಂಖ್ಯೆ ಪಡೆಯಬಹುದು. ಯುಎಚ್‌ಐಡಿ ಒಂದು ಆಸ್ಪತ್ರೆಯ ಒಳಗಿನ ನಂಬರ್. ಆಭಾ ಊರೂರಿನ ಆಸ್ಪತ್ರೆಗಳ ನಡುವೆ ದಾಖಲೆಗಳನ್ನು ಜೋಡಿಸುವ ನಂಬರ್. ದಾಖಲೆಗಳೆಲ್ಲ ದೆಹಲಿಯ ಒಂದು ಪೆಟ್ಟಿಗೆಯಲ್ಲಿ ಹೋಗಿ ಬೀಳುತ್ತವೆ ಎಂದು ಎಷ್ಟೋ ಜನ ತಿಳಿದಿದ್ದಾರೆ. ಹಾಗಿಲ್ಲ. ದಾಖಲೆ ತಯಾರಾದ ಆಸ್ಪತ್ರೆಯಲ್ಲೇ ಇರುತ್ತದೆ. ರೋಗಿ ಒಪ್ಪಿಗೆ ಕೊಟ್ಟಾಗ ಮಾತ್ರ ಇನ್ನೊಂದು ಆಸ್ಪತ್ರೆಯ ವೈದ್ಯರಿಗೆ ಕಾಣುತ್ತದೆ. ಇದನ್ನು ರೋಗಿಗೆ ಕನ್ನಡದಲ್ಲಿ ಬಿಡಿಸಿ ಹೇಳಬೇಕಾದವರು ಯಾರು? ಹೆಚ್ಚಿನ ಸಲ ನರ್ಸ್.

ಯಂತ್ರ ಹೇಳಿದ್ದು, ಕಣ್ಣು ಕಂಡದ್ದು

ನಾನು ಕೆಲಸಕ್ಕೆ ಸೇರಿದಾಗ ವಾರ್ಡಿನಲ್ಲಿ ಪಾದರಸದ ಬಿಪಿ ಯಂತ್ರ, ಪಾದರಸದ ಥರ್ಮಾಮೀಟರ್ ಇದ್ದವು. ಈಗ ಹಾಸಿಗೆ ಪಕ್ಕ ಮಾನಿಟರ್ ಇದೆ, ಸಿರಿಂಜ್ ಪಂಪ್ ಇದೆ. ಯಂತ್ರಗಳು ಬಂದದ್ದು ತುಂಬಾ ಒಳ್ಳೆಯದಾಯಿತು. ಆದರೆ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯದೆ ಅದರ ಸಂಖ್ಯೆಯನ್ನು ನಂಬಿದರೆ ಕೆಡುಕಾಗುತ್ತದೆ.

ಪಲ್ಸ್ ಆಕ್ಸಿಮೀಟರನ್ನೇ ತೆಗೆದುಕೊಳ್ಳಿ. ಕೋವಿಡ್ ಕಾಲದಲ್ಲಿ ಹಳ್ಳಿ ಹಳ್ಳಿಗೂ ಬಂತು. ಬೆರಳಿನ ಒಂದು ಬದಿಯಿಂದ ಕೆಂಪು ಬೆಳಕು, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಹಾಯಿಸುತ್ತದೆ. ಆಕ್ಸಿಜನ್ ತುಂಬಿದ ರಕ್ತ, ಆಕ್ಸಿಜನ್ ಕಡಿಮೆಯಾದ ರಕ್ತ ಈ ಬೆಳಕನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರುತ್ತವೆ. ಇನ್ನೊಂದು ಬದಿಯಲ್ಲಿ ಎಷ್ಟು ಬೆಳಕು ಬಂತು ಎಂದು ಅಳೆದು ಶೇಕಡಾವಾರು ಹೇಳುತ್ತದೆ. ಬೆಳಕಿನ ದಾರಿಗೆ ಗಾಢ ಬಣ್ಣದ ನೇಲ್ ಪಾಲಿಶ್ ಅಡ್ಡ ಬಂದರೆ, ಮದುವೆ ಮನೆಯ ದಟ್ಟ ಮದರಂಗಿ ಇದ್ದರೆ, ಚಳಿಗೆ ಬೆರಳು ತಣ್ಣಗಾಗಿದ್ದರೆ ಸಂಖ್ಯೆ ತಪ್ಪಬಹುದು. ಪರದೆಯ ಮೇಲೆ 82 ಎಂದು ಕಂಡರೂ ರೋಗಿ ಆರಾಮಾಗಿ ಕೂತು ಮಾತಾಡುತ್ತಿದ್ದರೆ ಬೆರಳು ಉಜ್ಜಿ ಬೆಚ್ಚಗೆ ಮಾಡಿ, ಬೇರೆ ಬೆರಳಿಗೆ ಹಾಕಿ ನೋಡಿ. 97 ಎಂದು ಕಂಡರೂ ರೋಗಿ ಏದುಸಿರು ಬಿಡುತ್ತಿದ್ದರೆ ಯಂತ್ರ ಬಿಟ್ಟು ರೋಗಿಯನ್ನು ನಂಬಿ, ವೈದ್ಯರನ್ನು ಕರೆಯಿರಿ. ಗ್ಲೂಕೋಮೀಟರ್ ಕೂಡ ಹಾಗೆಯೇ. ಬಾಳೆಹಣ್ಣು ಸುಲಿದ ಕೈ ತೊಳೆಯದೆ ರಕ್ತ ತೆಗೆದರೆ ಬೆರಳಿನ ಮೇಲಿನ ಸಕ್ಕರೆಯೂ ಲೆಕ್ಕಕ್ಕೆ ಸೇರುತ್ತದೆ.

ಪಂಪ್ ಇದ್ದರೂ ಲೆಕ್ಕ ಬರಲೇಬೇಕು. 500 ಮಿಲಿಲೀಟರ್ ಸಲೈನ್ ನಾಲ್ಕು ಗಂಟೆಯಲ್ಲಿ ಹೋಗಬೇಕು ಎಂದುಕೊಳ್ಳಿ. ಪಂಪಿಗೆ ಹಾಕಬೇಕಾದ ಸಂಖ್ಯೆ ಗಂಟೆಗೆ 125 ಮಿಲಿ. ಪಂಪ್ ಇಲ್ಲದೆ ಬರೀ ಡ್ರಿಪ್ ಸೆಟ್ ಇದ್ದರೆ? ಒಂದು ಮಿಲಿಗೆ 20 ಹನಿ ಬೀಳುವ ಸೆಟ್ಟಾದರೆ 500ನ್ನು 20ರಿಂದ ಗುಣಿಸಿ, ನಾಲ್ಕು ಗಂಟೆಯ 240 ನಿಮಿಷದಿಂದ ಭಾಗಿಸಿ. ನಿಮಿಷಕ್ಕೆ ಸುಮಾರು 42 ಹನಿ. ಈ ಲೆಕ್ಕ ಮನಸ್ಸಿನಲ್ಲಿ ಇದ್ದವಳಿಗೆ ಪಂಪಿನ ಮೇಲೆ ತಪ್ಪು ಸಂಖ್ಯೆ ಕಂಡ ಕೂಡಲೇ ಅನುಮಾನ ಬರುತ್ತದೆ. 12.5 ಹಾಕುವಲ್ಲಿ ಚುಕ್ಕೆ ಬಿಟ್ಟುಹೋಗಿ 125 ಆದರೆ ಔಷಧಿ ಹತ್ತು ಪಟ್ಟು ಹೋಗುತ್ತದೆ. ಪಂಪಿನ ಕೆಲಸ ಹೇಳಿದಷ್ಟನ್ನು ಬಿಡುವುದು. ಹಾಕಿದ ಸಂಖ್ಯೆ ಸರಿಯೋ ತಪ್ಪೋ ನೋಡುವ ಹೊಣೆ ನಿಮ್ಮದು.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯ ಉಸಿರಾಟದ ಎಣಿಕೆ. ರೋಗಿಯ ಸ್ಥಿತಿ ಕೆಡುವ ಮುನ್ಸೂಚನೆಯನ್ನು ಅಂಕಗಳಲ್ಲಿ ಹೇಳುವ ಒಂದು ಕ್ರಮ ಇದೆ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ತಂದದ್ದು, ಹೆಸರು 'ನ್ಯೂಸ್' ಸ್ಕೋರ್. ಉಸಿರಾಟ, ಆಕ್ಸಿಜನ್, ಬಿಪಿ, ನಾಡಿ, ಎಚ್ಚರ, ಜ್ವರ, ಇವುಗಳಿಗೆ ಒಂದೊಂದು ಅಂಕ ಕೊಟ್ಟು ಕೂಡಿಸುತ್ತಾರೆ. ಮೊತ್ತ 5 ಮುಟ್ಟಿದರೆ ವೈದ್ಯರು ಬೇಗ ಬಂದು ನೋಡಬೇಕು, 7 ಅಥವಾ ಹೆಚ್ಚಾದರೆ ತುರ್ತು. ಕಂಪ್ಯೂಟರ್ ಇದ್ದ ಕಡೆ ಅದೇ ಕೂಡಿಸಿ ಎಚ್ಚರಿಕೆ ಕೊಡುತ್ತದೆ. ಇದರಲ್ಲಿ ನಿಮಿಷಕ್ಕೆ 12ರಿಂದ 20 ಉಸಿರಿಗೆ ಸೊನ್ನೆ ಅಂಕ. 21ರಿಂದ 24ಕ್ಕೆ 2 ಅಂಕ. 25 ಅಥವಾ ಹೆಚ್ಚಾದರೆ 3.

ಈಗ ವಾರ್ಡಿನ ಒಂದು ಕೆಟ್ಟ ಚಾಳಿಯನ್ನು ಹೇಳಲೇಬೇಕು. ಉಸಿರು ಎಣಿಸಲು ಪೂರ್ತಿ ಒಂದು ನಿಮಿಷ ನಿಲ್ಲಬೇಕು. ಕೆಲಸದ ಒತ್ತಡದಲ್ಲಿ ಎಷ್ಟೋ ಜನ ಎಣಿಸದೆ ಎಲ್ಲರಿಗೂ 20 ಎಂದು ಬರೆದುಬಿಡುತ್ತಾರೆ. ನಿಜವಾಗಿ 26 ಇದ್ದ ರೋಗಿಗೆ 20 ಎಂದು ಟೈಪ್ ಮಾಡಿದರೆ 3 ಅಂಕ ಬರಬೇಕಾದ ಕಡೆ ಸೊನ್ನೆ ಬೀಳುತ್ತದೆ. ಕಂಪ್ಯೂಟರ್ ಸುಮ್ಮನಾಗುತ್ತದೆ. ಯಾರೂ ಓಡಿಬರುವುದಿಲ್ಲ. ಅಷ್ಟು ಬೆಲೆಬಾಳುವ ತಂತ್ರಾಂಶವನ್ನು ಒಂದು ಸುಳ್ಳು ಸಂಖ್ಯೆ ಮೂಕ ಮಾಡಿಬಿಡುತ್ತದೆ. ಆದ್ದರಿಂದ ಟೈಪಿಂಗ್ ವೇಗ ಕಡಿಮೆ ಇದ್ದರೂ ಚಿಂತೆಯಿಲ್ಲ ತಾಯಿ, ಎದೆಯ ಏರಿಳಿತ ನೋಡುತ್ತಾ ಒಂದು ನಿಮಿಷ ನಿಲ್ಲುವುದನ್ನು ಕಲಿಯಿರಿ.

ಪಾಳಿ ಮುಗಿದಾಗ ಮುಂದಿನವರಿಗೆ ಓವರ್ ಕೊಡುತ್ತೀರಲ್ಲ, ಅದಕ್ಕೂ ಒಂದು ಕ್ರಮ ಇದೆ. 'ಎಸ್‌ಬಾರ್' ಎನ್ನುತ್ತಾರೆ. ಅಮೆರಿಕದ ನೌಕಾಪಡೆಯಿಂದ ಆಸ್ಪತ್ರೆಗಳಿಗೆ ಬಂದದ್ದು. ಈಗ ಏನಾಗುತ್ತಿದೆ, ಹಿಂದಿನ ಕಥೆ ಏನು, ನನಗೆ ಏನು ಅನ್ನಿಸುತ್ತದೆ, ಏನು ಮಾಡಬೇಕು, ಈ ನಾಲ್ಕನ್ನು ಇದೇ ಕ್ರಮದಲ್ಲಿ ಹೇಳುವುದು. ರಾತ್ರಿ ವೈದ್ಯರಿಗೆ ಫೋನ್ ಮಾಡುವಾಗ ಇದು ಬಹಳ ಉಪಯೋಗಕ್ಕೆ ಬರುತ್ತದೆ, ಮಾತು ತಡವರಿಸುವುದಿಲ್ಲ.

"ಕರೆಂಟ್ ಹೋದರೆ?" ಎಂದು ನಮ್ಮ ರೈತರು ಕೇಳಿದರು. ಹೋಗುತ್ತದೆ, ನೆಟ್‌ವರ್ಕೂ ಹೋಗುತ್ತದೆ. ಆಗ ಕಾಗದಕ್ಕೆ ಬರಬೇಕು. ಅದಕ್ಕೆಂದೇ ಖಾಲಿ ಚಾರ್ಟುಗಳನ್ನು ವಾರ್ಡಿನಲ್ಲಿ ಇಟ್ಟಿರಬೇಕು. ಔಷಧಿ ಕೊಟ್ಟ ಸಮಯವನ್ನು ಕಾಗದದಲ್ಲಿ ಆಗಲೇ ಬರೆದು ಸಹಿ ಹಾಕಿ. ಕಂಪ್ಯೂಟರ್ ಮತ್ತೆ ಬಂದ ಮೇಲೆ ದಾಖಲಿಸುವಾಗ ಕೊಟ್ಟ ಸಮಯವನ್ನೇ ಹಾಕಿ, ಟೈಪ್ ಮಾಡಿದ ಸಮಯವನ್ನಲ್ಲ. ರಾತ್ರಿ 10ಕ್ಕೆ ಕೊಟ್ಟ ಇಂಜೆಕ್ಷನ್ 12ಕ್ಕೆ ಎಂದು ದಾಖಲಾದರೆ ಮುಂದಿನ ಡೋಸಿನ ಲೆಕ್ಕವೆಲ್ಲ ತಪ್ಪುತ್ತದೆ.

ಹಳ್ಳಿಯ ಕೆಲಸದಲ್ಲಿ

ಆಸ್ಪತ್ರೆಗಿಂತ ಹೆಚ್ಚಿನ ಮಾಹಿತಿ ಕೆಲಸ ಇರುವುದು ಪ್ರಾಥಮಿಕ ಆರೋಗ್ಯ ಕೇಂದ್ರ, ಉಪಕೇಂದ್ರಗಳಲ್ಲಿ. ಮೊದಲು ಎಎನ್ಎಂ ಎನ್ನುತ್ತಿದ್ದವರನ್ನು ನಮ್ಮ ರಾಜ್ಯದಲ್ಲಿ ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂದು ಕರೆಯುತ್ತಾರೆ. ಜನರ ಬಾಯಲ್ಲಿ ಅವರು ಈಗಲೂ ನರ್ಸಮ್ಮನೇ. ಅವರು ಬಳಸುವ ತಂತ್ರಾಂಶಗಳೇ ಹಲವು: ಗರ್ಭಿಣಿಯರ, ಮಕ್ಕಳ ಮಾಹಿತಿಗೆ ಆರ್‌ಸಿಎಚ್ ಪೋರ್ಟಲ್, ಲಸಿಕೆ ದಾಖಲೆಗೆ ಯು-ವಿನ್, ಕ್ಷಯರೋಗಕ್ಕೆ ನಿಕ್ಷಯ್, ಲಸಿಕೆಯ ದಾಸ್ತಾನು ನೋಡಲು ಇ-ವಿನ್, ದೂರದ ವೈದ್ಯರ ಜೊತೆ ಮಾತಾಡಲು ಇ-ಸಂಜೀವಿನಿ. ಹೆಸರು ಕೇಳಿದರೆ ಗಾಬರಿಯಾಗುತ್ತದೆ. ಒಂದು ಚೆನ್ನಾಗಿ ಕಲಿತರೆ ಉಳಿದವು ತಾವಾಗಿ ಬರುತ್ತವೆ, ಎಲ್ಲದರ ಒಳಗಿನ ಕ್ರಮ ಹೆಚ್ಚುಕಡಿಮೆ ಒಂದೇ: ವ್ಯಕ್ತಿಯನ್ನು ಹುಡುಕು, ಸರಿಯಾದವರೇ ಎಂದು ಖಚಿತಪಡಿಸಿಕೋ, ದಿನಾಂಕ ಹಾಕು, ಉಳಿಸು.

ದಿನಾಂಕದ ಬಗ್ಗೆ ಒಂದು ಮಾತು. ಗರ್ಭಿಣಿಗೆ ಕೊನೆಯ ಮುಟ್ಟಿನ ದಿನ ಕೇಳಿದರೆ ನಮ್ಮ ಊರುಗಳಲ್ಲಿ ತಾರೀಖು ಸಿಗುವುದಿಲ್ಲ. "ಯುಗಾದಿ ಆಗಿ ಎಂಟ್ ದಿನಕ್ಕೆ ರೀ" ಎನ್ನುತ್ತಾರೆ. ಅದು ತಪ್ಪು ಉತ್ತರವಲ್ಲ, ಬಹಳ ಖಚಿತವಾದ ಉತ್ತರ. ಕ್ಯಾಲೆಂಡರ್ ತೆಗೆದು ನೋಡುವುದು ನರ್ಸಿನ ಕೆಲಸ. 2025ರ ಯುಗಾದಿ ಮಾರ್ಚ್ 30ಕ್ಕೆ ಇತ್ತು. ಅಲ್ಲಿಂದ ಎಂಟು ದಿನಕ್ಕೆ ಏಪ್ರಿಲ್ 7. ಇದಕ್ಕೆ ಒಂಬತ್ತು ತಿಂಗಳು, ಏಳು ದಿನ ಸೇರಿಸಿದರೆ 2026ರ ಜನವರಿ 14. ಸಂಕ್ರಾಂತಿ ಹೊತ್ತಿಗೆ ಹೆರಿಗೆ. ಹಬ್ಬದಲ್ಲಿ ಕೇಳಿ ತಾರೀಖಿನಲ್ಲಿ ದಾಖಲಿಸಿ, ಮತ್ತೆ ಹಬ್ಬದಲ್ಲೇ ಹೇಳಿದರೆ ಆ ತಾಯಿಗೂ ಅತ್ತೆಗೂ ಸರಿಯಾಗಿ ನೆನಪಿರುತ್ತದೆ. ಅದೇ ದಿನಾಂಕ ಹಾಕುವಾಗ ತಿಂಗಳು, ದಿನ ಅದಲುಬದಲಾದರೆ ನೋಡಿ. ಜೂನ್ 3 ಹೋಗಿ ಮಾರ್ಚ್ 6 ಆದರೆ ಹೆರಿಗೆ ದಿನ ಮಾರ್ಚ್ 10ರ ಬದಲು ಹಿಂದಿನ ಡಿಸೆಂಬರ್ 13ಕ್ಕೆ ಹೋಗುತ್ತದೆ. ತಪಾಸಣೆಯ ಪಟ್ಟಿಯಲ್ಲಿ ಆಕೆಯ ಹೆಸರು ಬರಬಾರದ ಹೊತ್ತಿಗೆ ಬರುತ್ತದೆ, ಬರಬೇಕಾದ ಹೊತ್ತಿಗೆ ಬರುವುದಿಲ್ಲ.

ಇನ್ನೊಂದು ಉದಾಹರಣೆ ಲಸಿಕೆಯದು. ಫ್ರಿಜ್ಜಿನ ಒಳಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಇರಬೇಕು. ಇ-ವಿನ್ ವ್ಯವಸ್ಥೆಯಲ್ಲಿ ಒಳಗಿಟ್ಟ ಸಾಧನ ಉಷ್ಣತೆ ಅಳೆದು ಕಳಿಸುತ್ತದೆ, ಹೆಚ್ಚುಕಡಿಮೆಯಾದರೆ ಮೊಬೈಲಿಗೆ ಎಚ್ಚರಿಕೆ ಬರುತ್ತದೆ. ಸಂದೇಶ ಬಂದರೆ ಸಾಕೇ? ಬಂದ ಸಂದೇಶ ನೋಡಿ, ಹೋಗಿ ಬಾಗಿಲು ಸರಿಯಾಗಿ ಮುಚ್ಚಿದೆಯೇ, ಕರೆಂಟ್ ಇದೆಯೇ ಎಂದು ಪರೀಕ್ಷಿಸಿ, ಏನು ಮಾಡಿದೆ ಎಂದು ಬರೆದಾಗಲೇ ಆ ಕೆಲಸ ಮುಗಿಯುವುದು.

ಗುಟ್ಟು ಕಾಯುವ ವಿದ್ಯೆ

ಹಳ್ಳಿಯಲ್ಲಿ ಒಂದು ಮಾತು ಹೊರಬಿದ್ದರೆ ಸಂಜೆಯೊಳಗೆ ಊರ ತುಂಬಾ ಹರಡುತ್ತದೆ. ಬಸಿರು ನಿಂತಿಲ್ಲ ಎಂಬುದು, ಟಿಬಿ ಇದೆ ಎಂಬುದು, ಮಾನಸಿಕ ತೊಂದರೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ ಎಂಬುದು, ಇವು ಮನೆ ಮುರಿಯಬಲ್ಲ ಮಾತುಗಳು. ಹಿಂದೆ ಕೇಸ್ ಶೀಟನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದೆವು. ಈಗ ಆ ಬೀಗದ ಜಾಗದಲ್ಲಿ ಇರುವುದು ಪಾಸ್‌ವರ್ಡ್.

ಒಂದು ವಾರ್ಡಿಗೆ ಒಬ್ಬರ ಲಾಗಿನ್ ಹಾಕಿ ಎಲ್ಲರೂ ಅದರಲ್ಲೇ ಕೆಲಸ ಮಾಡುವ ಅಭ್ಯಾಸ ಹಲವು ಕಡೆ ಇದೆ. ಹೊಸಬರು ಇದಕ್ಕೆ ಒಪ್ಪಬಾರದು. ನಿಮ್ಮ ಹೆಸರಿನಲ್ಲಿ ಯಾರೋ ತಪ್ಪು ಔಷಧಿ ದಾಖಲಿಸಿದರೆ ಉತ್ತರ ಕೊಡಬೇಕಾದವರು ನೀವು. ಹಿರಿಯ ಸಿಸ್ಟರಿಗೆ ಹೇಗೆ ಹೇಳುವುದು ಎಂದು ಮುಜುಗರವಾಗುತ್ತದೆ, ಗೊತ್ತು. "ಸಿಸ್ಟರ್, ನಂದು ನಾನೇ ಹಾಕ್ತೀನಿ, ಒಂದ್ ನಿಮಿಷ" ಎಂದು ಮೆಲ್ಲಗೆ ಹೇಳಿ. ಎರಡು ದಿನದಲ್ಲಿ ಅವರಿಗೂ ಅಭ್ಯಾಸವಾಗುತ್ತದೆ. ಎದ್ದು ಹೋಗುವಾಗ ಲಾಗೌಟ್ ಮಾಡಿ, ಅಂದರೆ ನಿಮ್ಮ ಖಾತೆಯಿಂದ ಹೊರಬನ್ನಿ.

ವಾಟ್ಸ್ಆ್ಯಪಿನಲ್ಲಿ ಕೇಸ್ ಶೀಟಿನ, ಗಾಯದ, ಎಕ್ಸ್‌ರೇಯ ಫೋಟೋ ಕಳಿಸುವುದೂ ಹೀಗೆಯೇ. ಆಸ್ಪತ್ರೆಯ ಒಪ್ಪಿಗೆ ಇದ್ದ ದಾರಿಯಲ್ಲಿ, ಚಿಕಿತ್ಸೆಗಾಗಿ, ಬೇಕಾದವರಿಗೆ ಮಾತ್ರ. ಗೆಳತಿಯರ ಗುಂಪಿಗೆ ಎಂದೂ ಬೇಡ. ಮಾತಾಡುವ ಎಐ ಆ್ಯಪುಗಳಿಗೂ ರೋಗಿಯ ಹೆಸರು, ವರದಿ ಹಾಕಿ ಕೇಳಬೇಡಿ. ಎಚ್‌ಐವಿ ಇರುವವರ ಮಾಹಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಹೊರಗೆ ಹೇಳುವುದನ್ನು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ನಿಷೇಧಿಸುತ್ತದೆ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಬಂದಿದೆ. ಕಾಯ್ದೆ ಇರಲಿ ಬಿಡಲಿ, ನಿಮ್ಮ ಅಕ್ಕನ ವರದಿಯನ್ನು ಯಾರಾದರೂ ಹಾಗೆ ಹಂಚಿದರೆ ಹೇಗಾಗುತ್ತದೆ ಯೋಚಿಸಿ.

ಎಷ್ಟು ಖರ್ಚು, ಎಲ್ಲಿ ಕಲಿಯುವುದು

ಬಿ.ಎಸ್ಸಿ. ನರ್ಸಿಂಗಿಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು, ಜೊತೆಗೆ ಇಂಗ್ಲಿಷ್. ಸರ್ಕಾರದ ಪಾಲಿನ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ ಹಂಚುತ್ತದೆ. ಮೂರು ವರ್ಷದ ಜಿಎನ್‌ಎಂ ಡಿಪ್ಲೊಮಾಗೆ ಕಲಾ, ವಾಣಿಜ್ಯ ವಿಭಾಗದವರೂ ಸೇರಬಹುದು. ದಾವಣಗೆರೆಯಲ್ಲಿ ಬಾಪೂಜಿ ನರ್ಸಿಂಗ್ ಕಾಲೇಜು, ಎಸ್.ಎಸ್. ನರ್ಸಿಂಗ್ ಕಾಲೇಜು ಇವೆ. ಬಿ.ಎಸ್ಸಿ. ಪರೀಕ್ಷೆ ನಡೆಸುವುದು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ.

ಶುಲ್ಕ ಸರ್ಕಾರಿ ಕಾಲೇಜಿನಲ್ಲಿ ಒಂದು, ಖಾಸಗಿ ಕಾಲೇಜಿನ ಸರ್ಕಾರಿ ಸೀಟಿಗೆ ಇನ್ನೊಂದು, ಮ್ಯಾನೇಜ್‌ಮೆಂಟ್ ಸೀಟಿಗೆ ಮತ್ತೊಂದು. ಆಯಾ ವರ್ಷದ ಮೊತ್ತವನ್ನು ಕೆಇಎ ಪ್ರಕಟಣೆಯಲ್ಲೇ ನೋಡಿ, ಮಧ್ಯವರ್ತಿಗಳ ಮಾತು ಕೇಳಬೇಡಿ. ಹಣ ಕಟ್ಟುವ ಮೊದಲು ಆ ಕಾಲೇಜಿಗೆ ನರ್ಸಿಂಗ್ ಕೌನ್ಸಿಲ್ ಮಾನ್ಯತೆ, ವಿಶ್ವವಿದ್ಯಾಲಯದ ಸಂಯೋಜನೆ ಆ ವರ್ಷಕ್ಕೆ ಇದೆಯೇ ಎಂದು ಖಚಿತ ಮಾಡಿಕೊಳ್ಳಿ. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು. ಕಾಲೇಜು ನೋಡಲು ಹೋದಾಗ ಕಂಪ್ಯೂಟರ್ ಲ್ಯಾಬ್, ಸ್ಕಿಲ್ ಲ್ಯಾಬ್ ತೋರಿಸಿ ಎಂದು ಕೇಳಿ. ಸ್ಕಿಲ್ ಲ್ಯಾಬ್ ಎಂದರೆ ಗೊಂಬೆಗಳ ಮೇಲೆ ಇಂಜೆಕ್ಷನ್, ಡ್ರಿಪ್ ಹಾಕುವುದನ್ನು ಅಭ್ಯಾಸ ಮಾಡುವ ಕೋಣೆ. ಬೀಗ ಹಾಕಿ ಧೂಳು ಹಿಡಿದಿದ್ದರೆ ಅದೇ ಉತ್ತರ.

ಈ ಮಾಹಿತಿ ವಿದ್ಯೆಗೆಂದು ಬೇರೆ ದುಡ್ಡು ಹೆಚ್ಚು ಬೇಕಾಗಿಲ್ಲ. ಲ್ಯಾಪ್‌ಟಾಪ್ ಕೊಳ್ಳಲು ಸಾಲ ಮಾಡಬೇಡಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಎಂಬ ಹೆಸರಿದೆ, ಹಲವು ಕಡೆ ಕಂಪ್ಯೂಟರ್ ಇಟ್ಟಿದ್ದಾರೆ. ರಜೆಯಲ್ಲಿ ದಿನಕ್ಕೆ ಅರ್ಧ ಗಂಟೆ ಅಲ್ಲಿ ಕೂತು ಟೈಪಿಂಗ್ ಕಲಿಯಬಹುದು. ನುಡಿ ಕೀಲಿಮಣೆಯಲ್ಲಿ ಕನ್ನಡವನ್ನೂ ಕಲಿಯಿರಿ, ರೋಗಿಗೆ ಕೊಡುವ ಸೂಚನೆ ಅವರ ಭಾಷೆಯಲ್ಲಿ ಇರಬೇಕು. ಕೇಂದ್ರ ಸರ್ಕಾರದ 'ಸ್ವಯಂ' ಜಾಲತಾಣದಲ್ಲಿ ಪಾಠಗಳು ಉಚಿತ, ಪ್ರಮಾಣಪತ್ರ ಬೇಕಾದರೆ ಮಾತ್ರ ಪರೀಕ್ಷಾ ಶುಲ್ಕ. ಮನೆಯವರಿಗೆ ಆಭಾ ಸಂಖ್ಯೆ ಮಾಡಿಕೊಡುವುದಕ್ಕೆ ಹಣವಿಲ್ಲ, ಅದೂ ಒಳ್ಳೆಯ ಅಭ್ಯಾಸವೇ.

ಇಂಗ್ಲಿಷಿನ ಭಯಕ್ಕೆ ಏನು ಮಾಡುವುದು? ವಾರ್ಡಿನ ತಂತ್ರಾಂಶದಲ್ಲಿ ದಿನವೂ ಬರುವ ಪದಗಳು ಬಹಳ ಇಲ್ಲ. ಒಂದು ಪುಸ್ತಕದಲ್ಲಿ ಎಡಗಡೆ ಇಂಗ್ಲಿಷ್ ಪದ, ಬಲಗಡೆ ಅದರ ಕನ್ನಡ ಅರ್ಥ ಬರೆದುಕೊಳ್ಳಿ. ದಿನಕ್ಕೆ ಐದರಂತೆ ಬರೆದರೆ ಎರಡು ತಿಂಗಳಿಗೆ ಮುನ್ನೂರಾಗುತ್ತದೆ. ಕನ್ನಡ ಮಾಧ್ಯಮದಿಂದ ಬಂದವಳಿಗೆ ಒಂದು ಅನುಕೂಲವೂ ಇದೆ. ಅಜ್ಜಿಯೊಬ್ಬರು "ಎದಿ ಹಿಡದಂಗ ಆಗ್ತೈತಿ, ಹೊಟ್ಟಿ ತೊಳಸ್ತೈತಿ" ಎಂದಾಗ ಅದು ಗ್ಯಾಸೋ, ಹೃದಯದ ಸೂಚನೆಯೋ ಎಂದು ಇನ್ನೆರಡು ಪ್ರಶ್ನೆ ಕೇಳಿ ಸರಿಯಾಗಿ ದಾಖಲಿಸುವವಳು ಅವಳೇ.

ಓದು ಮುಗಿದ ಮೇಲೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆಗಬೇಕು. ನಂತರ ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಎನ್‌ಆರ್‌ಟಿಎಸ್ ವ್ಯವಸ್ಥೆಯಲ್ಲಿ ದೇಶಕ್ಕೆಲ್ಲ ಒಂದೇ ಆದ ಗುರುತಿನ ಸಂಖ್ಯೆ ಸಿಗುತ್ತದೆ. ಡಿಜಿಟಲ್ ಮಿಷನ್ನಿನ ಆರೋಗ್ಯ ವೃತ್ತಿಪರರ ಪಟ್ಟಿ, ಎಚ್‌ಪಿಆರ್‌ನಲ್ಲೂ ನರ್ಸುಗಳು ಹೆಸರು ಸೇರಿಸಬಹುದು. ಎಲ್ಲಾ ಕಡೆ ಹೆಸರಿನ ಅಕ್ಷರ ಹತ್ತನೇ ತರಗತಿ ಅಂಕಪಟ್ಟಿಯಲ್ಲಿ ಇದ್ದಂತೆಯೇ ಇರಲಿ. ಆಧಾರ್‌ನಲ್ಲಿ ಬೇರೆ ಇದ್ದರೆ ಈಗಲೇ ಸರಿಪಡಿಸಿ. ರೋಗಿಗಳ ಹೆಸರಿನ ತೊಂದರೆ ನರ್ಸುಗಳಿಗೂ ಬರುತ್ತದೆ.

ಆ ರೈತರ ಮಗಳು ಭಾನುವಾರ ಊರಿಗೆ ಬಂದಿದ್ದಳು. ಅವಳಿಗೆ ಒಂದು ಕೆಲಸ ಕೊಟ್ಟೆ. ಅವಳ ಅಜ್ಜಿ ಬಿಪಿ, ಸಕ್ಕರೆ ಎರಡಕ್ಕೂ ಮಾತ್ರೆ ನುಂಗುತ್ತಾರೆ. ಡಬ್ಬಿಯಲ್ಲಿ ಏಳು ಬಗೆಯ ಚೀಟಿ ಇವೆ. ಪ್ರತಿ ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ, ಯಾವಾಗಿನಿಂದ, ಯಾರು ಬರೆದುಕೊಟ್ಟದ್ದು ಎಂದು ಮೊಬೈಲಿನ ಸ್ಪ್ರೆಡ್‌ಶೀಟಿನಲ್ಲಿ, ಅಂದರೆ ಗೆರೆ ಹಾಕಿದ ಲೆಕ್ಕದ ಹಾಳೆಯಂಥ ಆ್ಯಪಿನಲ್ಲಿ ಪಟ್ಟಿ ಮಾಡಬೇಕು. ಮರುದಿನ ಬೆಳಿಗ್ಗೆಯ ಬಸ್ಸಿಗೆ ಹೋಗುವ ಮೊದಲು ತಂದು ತೋರಿಸಿದಳು. ಒಂದೇ ಮಾತ್ರೆ ಎರಡು ಬೇರೆ ಕಂಪನಿಯ ಹೆಸರಿನಲ್ಲಿ ಎರಡು ಸಲ ಇತ್ತು. "ಅಜ್ಜಿ ಎರಡೂ ತಗೊಳ್ತಾ ಇದ್ರು ಮ್ಯಾಮ್" ಎಂದಳು. ಪಟ್ಟಿಯ ಜೊತೆಗೆ ಅಜ್ಜಿಯನ್ನು ಕರೆದುಕೊಂಡು ಇವತ್ತೇ ವೈದ್ಯರ ಹತ್ತಿರ ಹೋಗುವಂತೆ ಅವಳ ತಂದೆಗೆ ಹೇಳಿದೆವು.